ತೂರ್ ಪಟ್ಟಣದಲ್ಲೊಂದು ವಾರದ ಮನೆ

ಮೇಜಿನ ಮೇಲೆ ಎಲ್ಲದಕ್ಕೂ ತಟ್ಟೆ ಇತ್ತು, ಬ್ರೆಡ್ಡಿಗೆ ಮಾತ್ರ ಇರಲಿಲ್ಲ. ಮನೆಯ ಅಜ್ಜಿ ಉದ್ದನೆಯ ಬ್ರೆಡ್ಡನ್ನು ಕೈಯಲ್ಲೇ ಮುರಿದು ಒಂದು ತುಂಡನ್ನು ಬಟ್ಟೆಹಾಸಿನ ಮೇಲೆ, ತಟ್ಟೆಯ ಎಡಕ್ಕೆ ಇಟ್ಟರಂತೆ. ಎಂಜಲು–ಮುಸುರೆ ಎಂದು ಹೆಜ್ಜೆಹೆಜ್ಜೆಗೂ ಹೇಳಿಸಿಕೊಂಡು ಹೊನ್ನಾವರದಲ್ಲಿ ಬೆಳೆದ ನನ್ನ ತಂಗಿಯ ಮಗಳಿಗೆ ಅದನ್ನು ಎತ್ತಿಕೊಳ್ಳಬೇಕೋ ಬಿಡಬೇಕೋ ತಿಳಿಯಲಿಲ್ಲ. ಎದುರಿಗೆ ಕೂತ ಅಜ್ಜಿ ತಮ್ಮ ತುಂಡನ್ನೂ ಹಾಗೇ ಇಟ್ಟುಕೊಂಡು, ಅದರಿಂದಲೇ ಸಾಸ್ ಒರೆಸಿ ಬಾಯಿಗೆ ಹಾಕಿಕೊಂಡದ್ದನ್ನು ನೋಡಿ ಧೈರ್ಯ ಬಂತು. ‘ಮಾವಶಿ, ಮೊದಲ ಪಾಠ ಅಲ್ಲೇ ಆಯ್ತು. ಶಾಲೆ ಶುರುವಾಗುವುದು ನಾಳೆ’ ಎಂದು ಆ ರಾತ್ರಿಯೇ ಫೋನಿನಲ್ಲಿ ಹೇಳಿದಳು.

ಫ್ರೆಂಚ್ ಕಲಿಯಲು ಹೋದವರು ಒಂದು ಫ್ರೆಂಚ್ ಸಂಸಾರದ ಜೊತೆಗೇ ಇದ್ದು ಓದುವ ಪದ್ಧತಿ ಫ್ರಾನ್ಸ್‌ನಲ್ಲಿ ಚೆನ್ನಾಗಿ ಬೇರೂರಿದೆ. ಅದಕ್ಕೆ ಅಲ್ಲಿನ ಹೆಸರು ‘ಫಾಮೀಯ್ ದಾಕೈ’. ಬರಮಾಡಿಕೊಳ್ಳುವ ಕುಟುಂಬ ಎಂದರ್ಥ. ನಮ್ಮ ಕಡೆ ಇದನ್ನು ಇನ್ನೂ ಹೆಚ್ಚಿನವರು ‘ಪೇಯಿಂಗ್ ಗೆಸ್ಟ್’ ಎಂದೇ ತಿಳಿದಿದ್ದಾರೆ. ಕುಮಟಾ, ಹೊನ್ನಾವರ, ಭಟ್ಕಳದ ಮಕ್ಕಳು ಈಗ ಬೆಂಗಳೂರು, ದುಬೈ ದಾಟಿ ಯುರೋಪಿನ ಕಡೆಗೂ ನೋಡುತ್ತಿರುವಾಗ, ಇದು ಬರಿಯ ಕೋಣೆ ಬಾಡಿಗೆಯಲ್ಲ ಎಂಬುದನ್ನು ಬಿಡಿಸಿ ಹೇಳಬೇಕೆನಿಸಿತು.

ವ್ಯವಸ್ಥೆ ಸರಳ. ಭಾಷಾಶಾಲೆಯ ವಸತಿ ವಿಭಾಗ ಊರಿನ ಕುಟುಂಬಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ವಿದ್ಯಾರ್ಥಿ ಒಂದು ಫಾರ್ಮ್ ತುಂಬಬೇಕು: ಏನು ತಿನ್ನುವುದಿಲ್ಲ, ಬೆಕ್ಕು ನಾಯಿ ಆಗುತ್ತದೆಯೇ, ಸಿಗರೇಟಿನ ಹೊಗೆ ಸಹಿಸುತ್ತೀರಾ, ಇಂಥವೇ ಪ್ರಶ್ನೆ. ಸಾಮಾನ್ಯವಾಗಿ ‘ಅರ್ಧ ಊಟ’ದ ಕರಾರು. ಬೆಳಗಿನ ತಿಂಡಿ, ರಾತ್ರಿಯ ಊಟ ಮನೆಯಲ್ಲಿ, ಮಧ್ಯಾಹ್ನದ್ದು ಹೊರಗೆ. ವಾರದ ಲೆಕ್ಕದಲ್ಲಿ ಹಣ. ಒಂದು ಕೋಣೆ, ಒಂದು ಬೀಗದ ಕೈ, ಬಟ್ಟೆ ಒಗೆಯಲು ಗೊತ್ತಾದ ದಿನ. ಒಂದೇ ಮನೆಗೆ ಇಬ್ಬರನ್ನು ಕಳಿಸುವುದಾದರೆ ಒಂದೇ ಮಾತೃಭಾಷೆಯವರು ಜೊತೆಯಾಗದಂತೆ ನೋಡಿಕೊಳ್ಳುವುದುಂಟು, ಇಲ್ಲವಾದರೆ ಕಲಿತ ಹಾಗೇ! ದುಡ್ಡಿಲ್ಲದೆ ಮನೆಯ ಮಗುವಿನಂತೆ ಇಟ್ಟುಕೊಳ್ಳುವ ಇನ್ನೊಂದು ಬಗೆಯೂ ಇದೆ. ಹೈಸ್ಕೂಲು ಮಕ್ಕಳ ವಿನಿಮಯ ನಡೆಸುವ ಎಎಫ್‌ಎಸ್ ಸಂಸ್ಥೆಯ ಬೇರೇ ಫ್ರಾನ್ಸ್‌ನಲ್ಲಿದೆ. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಗಾಯಾಳುಗಳನ್ನು ಹೊರಲು ಬಂದ ಅಮೆರಿಕದ ಆಂಬುಲೆನ್ಸ್ ಚಾಲಕರ ದಳ ಅದು. ಎರಡನೆಯ ಯುದ್ಧ ಮುಗಿದ ಮೇಲೆ ಅವರೇ ಮಕ್ಕಳನ್ನು ಒಂದು ದೇಶದ ಮನೆಯಿಂದ ಇನ್ನೊಂದು ದೇಶದ ಮನೆಗೆ ಕಳಿಸುವ ಕೆಲಸಕ್ಕೆ ಇಳಿದರು.

ನಮ್ಮ ಹುಡುಗಿ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಮೊದಲ ಮೆಟ್ಟಿಲುಗಳನ್ನು ಹತ್ತಿ, ಮೂರು ತಿಂಗಳ ಮಟ್ಟಿಗೆ ತೂರ್‌ಗೆ ಹೋದಳು. ಪ್ಯಾರಿಸ್ಸಿನಿಂದ ವೇಗದ ರೈಲಿನಲ್ಲಿ ಒಂದೂಕಾಲು ಗಂಟೆ, ಲ್ವಾರ್ ನದಿಯ ದಂಡೆ, ಕಾದಂಬರಿಕಾರ ಬಾಲ್ಝಾಕ್ 1799ರಲ್ಲಿ ಹುಟ್ಟಿದ ಊರು. ಹೊರದೇಶದವರಿಗೆ ಫ್ರೆಂಚ್ ಕಲಿಸುವುದರಲ್ಲಿ ಹಳೇ ಹೆಸರು ಅದರದ್ದು. ಅಲ್ಲಿನ ‘ಆಂಸ್ತಿತ್ಯೂ ದ ತೂರೇನ್’ ಶುರುವಾದದ್ದು 1912ರಲ್ಲಿ. ಬೆಳಿಗ್ಗೆ ತರಗತಿ, ಸಂಜೆ ಮನೆ. ಅವಳ ಮಾತಿನಲ್ಲಿ ಹೇಳುವುದಾದರೆ ವ್ಯಾಕರಣ ತರಗತಿಯಲ್ಲಿ, ಭಾಷೆ ಅಡುಗೆಮನೆಯಲ್ಲಿ.

ಒಂದು ಮಾತು ಇಲ್ಲಿ ಕೊಂಕಣಿ ಮನೆಯವರಿಗಾಗಿಯೇ ಹೇಳಬೇಕು. ಫ್ರೆಂಚ್ ಕಲಿಯುವವರನ್ನು ಕಾಡುವುದು ಮೂಗಿನಿಂದ ಹೊರಡುವ ಸ್ವರಗಳು. ಬ್ರೆಡ್ಡಿಗೆ ‘ಪ್ಯಾಂ’, ಗಾಳಿಗೆ ‘ವಾಂ’. ಅವಳ ತರಗತಿಯಲ್ಲಿ ಬೇರೆಯವರು ವಾರಗಟ್ಟಲೆ ಇದಕ್ಕೆ ತಿಣುಕಿದರೆ ಇವಳಿಗೆ ಎರಡನೇ ದಿನಕ್ಕೇ ಬಂತು. ಯಾಕೆ ಬರಬಾರದು? ಹುಟ್ಟಿದಾಗಿನಿಂದ ‘ಹಾಂವ್’, ‘ತೂಂ’ ಎಂದವಳು. ಭಟ್ಕಳದ ನವಾಯತಿ ಮಾತನಾಡುವ ಮಕ್ಕಳಿಗೂ ಈ ಸವಲತ್ತು ಇದ್ದೇ ಇದೆ. ಮನೆಮಾತನ್ನು ಪರದೇಶದಲ್ಲಿ ಉಪಯೋಗಕ್ಕೆ ಬಾರದ್ದೆಂದು ಇಲ್ಲೇ ಬಿಟ್ಟುಹೋಗುವವರು ಇದನ್ನು ಯೋಚಿಸಬೇಕು. ನೀನು–ನೀವು ಭೇದವೂ ಹಾಗೆಯೇ. ಇಂಗ್ಲಿಷಿನಲ್ಲಿ ಇಲ್ಲದ್ದು ಫ್ರೆಂಚಿನಲ್ಲಿದೆ: ಸಲಿಗೆಗೆ ‘ತ್ಯು’, ಮರ್ಯಾದೆಗೆ ‘ವೂ’. ಎರಡು ವಾರ ‘ವೂ’ ಎಂದು ಕರೆಸಿಕೊಂಡ ಅಜ್ಜಿ ಒಂದು ಸಂಜೆ ಪಾತ್ರೆ ಒರೆಸುತ್ತ, ಇನ್ನು ನನಗೆ ‘ತ್ಯು’ ಅನ್ನು ಎಂದರಂತೆ. ಮನೆಯಲ್ಲಿ ಅಮ್ಮನಿಗೇ ‘ತೂಂ’ ಎನ್ನುವವಳಿಗೆ ಆ ಮಾತಿನ ತೂಕವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಊಟದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಸೋಮವಾರ ಮೀನಿಲ್ಲ. ಆ ಅಜ್ಜಿಯ ಮನೆಯಲ್ಲಿ ಶುಕ್ರವಾರ ಮೀನೇ ಆಗಬೇಕು, ಹಳೇ ಕ್ರೈಸ್ತ ವ್ರತದ ರೂಢಿ. ಎಲ್ಲವನ್ನೂ ಒಮ್ಮೆಗೇ ಬಡಿಸುವುದಿಲ್ಲ, ಒಂದಾದ ಮೇಲೊಂದು. ಮೊದಲು ಬಂದ ಸಲಾಡನ್ನೇ ಊಟವೆಂದು ತಿಳಿದು ಎರಡು ಸಲ ಹಾಕಿಸಿಕೊಂಡು ಹೊಟ್ಟೆ ಕೆಡಿಸಿಕೊಂಡಳು. ಪಾಯಸ–ಹಣ್ಣಿನಂಥದ್ದಕ್ಕೆ ಮುಂಚೆ ಚೀಸ್ ಬರಬೇಕು. ತೂರೇನ್ ಸೀಮೆಯ ಆಡಿನ ಹಾಲಿನ ಚೀಸ್, ಸೇಂತ್ ಮೋರ್, ಸಣ್ಣ ಕೊರಡಿನ ಹಾಗಿರುತ್ತದೆ. ಮೈಗೆಲ್ಲ ಬೂದಿ. ನಟ್ಟನಡುವೆ ಈ ತುದಿಯಿಂದ ಆ ತುದಿಗೆ ಒಂದು ಹುಲ್ಲಿನ ಕಡ್ಡಿ. ಮೆದು ಚೀಸು ಮುರಿಯದಿರಲಿ ಎಂದು ಹಾಕಿದ ಕಡ್ಡಿ ಅದು; ಅಸಲಿ ಚೀಸಿನ ಕಡ್ಡಿಯ ಮೇಲೆ ಹೆಸರು ಕೊರೆದಿರುತ್ತಾರೆ. ಅಜ್ಜಿ ಮೊದಲು ಕಡ್ಡಿ ಎಳೆದು, ಆಮೇಲೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಿದ್ದರು. ಆ ಕಡ್ಡಿಯೊಂದನ್ನು ತೊಳೆದು ಒಣಗಿಸಿ ಹೊನ್ನಾವರಕ್ಕೆ ತಂದಿದ್ದಾಳೆ. ನಾನೂ ಹಿಡಿದು ನೋಡಿದೆ: ನಮ್ಮ ಗದ್ದೆಯ ಹುಲ್ಲಿಗಿಂತ ಗಟ್ಟಿ, ಮೂಸಿದರೆ ಇನ್ನೂ ಆಡಿನ ವಾಸನೆ.

ಊಟದ ಈ ಕ್ರಮವನ್ನು ಕೇಳುತ್ತಿದ್ದಾಗ ನನಗೆ ಹೊನ್ನಾವರದ್ದೇ ಒಂದು ಊಟ ನೆನಪಾಯಿತು. 14ನೇ ಶತಮಾನದಲ್ಲಿ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ನಮ್ಮ ಊರಿಗೆ ಬಂದು ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿದ್ದ. ಅನ್ನ, ಅದರ ಮೇಲೆ ತುಪ್ಪ, ಹಸಿ ಕಾಳುಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಆಮೇಲೆ ಕೋಳಿ, ಮತ್ತೆ ಅನ್ನ, ಮೀನು, ಸೊಪ್ಪು, ಕೊನೆಗೆ ಮೊಸರು. ಬಡಿಸಿದ ಸರದಿಯನ್ನೇ ಬರೆದಿಟ್ಟಿದ್ದಾನೆ. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಎಂಬುದನ್ನೂ ಗಮನಿಸಿದ್ದಾನೆ. ಊರಿನಲ್ಲಿ ಗಂಡುಮಕ್ಕಳ 23 ಶಾಲೆ, ಹೆಣ್ಣುಮಕ್ಕಳ 13 ಶಾಲೆ ನೋಡಿದೆನೆಂದು ಬರೆದವನೂ ಅವನೇ. ಬೇರೆ ಮನೆಯ ಪಂಕ್ತಿಯಲ್ಲಿ ಕೂತವನಿಗೆ ಮಾತ್ರ ಕಾಣುವಂಥವು ಇವು.

ಓದಲಿಕ್ಕಾಗಿ ಹೀಗೆ ಬೇರೆಯವರ ಪಂಕ್ತಿಯಲ್ಲಿ ಕೂರುವುದನ್ನು ನಮ್ಮ ಅಜ್ಜಂದಿರು ವಾರಾನ್ನ ಎಂದು ಕರೆದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಹೀಗೆ ಏಳು ಮನೆಯ ಊಟದಲ್ಲಿ ಎಷ್ಟೋ ಹಳ್ಳಿ ಹುಡುಗರು ಪೇಟೆಯ ಹೈಸ್ಕೂಲು ಮುಗಿಸಿದರು. ಎಸ್.ಎಲ್. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ಬರೆದ ವಾರಾನ್ನದ ದಿನಗಳನ್ನು ಓದಿದವರಿಗೆ ಅದರ ಹಸಿವು, ಅವಮಾನ ಎರಡೂ ಗೊತ್ತು. ಆ ಪದ್ಧತಿಯ ಬಗ್ಗೆ ನನಗೆ ಗೌರವವಿದೆ, ಆದರೆ ಅದರ ಬಾಗಿಲು ಕಿರಿದಾಗಿತ್ತೆಂಬುದನ್ನು ಮರೆಯಲಾರೆ. ಜಾತಿ ನೋಡಿ ಎಲೆ ಹಾಕುತ್ತಿದ್ದರು. ಹೆಣ್ಣುಮಕ್ಕಳಿಗಂತೂ ವಾರದ ಮನೆ ಎಂಬುದೇ ಇರಲಿಲ್ಲ. ತೂರ್‌ನ ಅಜ್ಜಿ ಹಣ ತೆಗೆದುಕೊಂಡರು, ನಿಜ. ಗಂಡ ಹೋದ ಮೇಲೆ ಆ ದೊಡ್ಡ ಮನೆ ನಡೆಯುವುದಕ್ಕೆ ಅದೂ ಒಂದು ಆಧಾರ. ಆದರೆ ಬಂದವಳು ಯಾರ ಪೈಕಿ ಎಂದು ಕೇಳಲಿಲ್ಲ. ನಮ್ಮ ಮನೆಯಿಂದ ಹೆಣ್ಣುಮಗಳೊಬ್ಬಳು ಓದಲಿಕ್ಕೆಂದು ಪರರ ಮನೆಯ ಊಟಕ್ಕೆ ಕೂತದ್ದು ಇದೇ ಮೊದಲು. ಇದನ್ನು ಬರೆಯುವಾಗ ನನ್ನ ಅಮ್ಮ ನೆನಪಾಗುತ್ತಾಳೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು ಅವಳು. ಮುಂದಿನ ಶಾಲೆ ಪೇಟೆಯಲ್ಲಿತ್ತು, ಪೇಟೆಯಲ್ಲಿ ಉಳಿಯಲು ಮನೆ ಇರಲಿಲ್ಲ.

ಶನಿವಾರ–ಭಾನುವಾರ ತಿರುಗಾಟ. ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಊರಿಗೆ ಊರೇ ಮಲಗಿರುತ್ತದೆ. ಬ್ರೆಡ್ಡು ಬೆಳಿಗ್ಗೆಯೇ ತಂದಿಟ್ಟುಕೊಳ್ಳಬೇಕು. ಲ್ವಾರ್ ಕಣಿವೆ ಅರಮನೆಗಳ ಸಾಲು. 2000ದಲ್ಲಿ ಯುನೆಸ್ಕೊ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1519ರಲ್ಲಿ ಲಿಯೊನಾರ್ಡೊ ದ ವಿಂಚಿ ತೀರಿಕೊಂಡದ್ದು ಅಲ್ಲಿನ ಆಂಬ್ವಾಜ್‌ನಲ್ಲಿ. ಅದೇ ವರ್ಷ ಶಾಂಬೋರ್ ಅರಮನೆಯ ಕೆಲಸ ಶುರುವಾಯಿತು. ಅದರ ಜೋಡಿ ಸುರುಳಿ ಮೆಟ್ಟಿಲಿನಲ್ಲಿ ಹತ್ತುವವರು ಇಳಿಯುವವರಿಗೆ ಎದುರಾಗುವುದೇ ಇಲ್ಲ. ಸೆಪ್ಟೆಂಬರ್ ಮೂರನೇ ವಾರಾಂತ್ಯ ಪರಂಪರೆಯ ದಿನಗಳು; ಬೇರೆ ದಿನ ಮುಚ್ಚಿರುವ ಎಷ್ಟೋ ಸರ್ಕಾರಿ ಕಟ್ಟಡಗಳನ್ನೂ ಆಗ ಜನರಿಗೆ ತೆರೆದಿಡುತ್ತಾರೆ. 1984ರಿಂದ ನಡೆದು ಬಂದ ಪದ್ಧತಿ.

ಅವಳ ಮನಸ್ಸಿನಲ್ಲಿ ಉಳಿದದ್ದು ಶೆನೊಂಸೊ. ತೂರ್‌ನಿಂದ ರೈಲಿನಲ್ಲಿ ಅರ್ಧ ಗಂಟೆ. ಅರಮನೆ ನದಿಯ ಪಕ್ಕದಲ್ಲಿಲ್ಲ, ನದಿಯ ಮೇಲೇ ಇದೆ. ಶೇರ್ ನದಿಗೆ ಸೇತುವೆ ಕಟ್ಟಿಸಿದವಳು ರಾಜನ ಪ್ರೇಯಸಿ ಡಿಯಾನ್ ದ ಪ್ವಾತಿಯೇ. ರಾಜ 1559ರಲ್ಲಿ ಸತ್ತ ಮೇಲೆ ಅವಳನ್ನು ಅಲ್ಲಿಂದ ಬಿಡಿಸಿ, ಆ ಸೇತುವೆಯ ಮೇಲೆ 60 ಮೀಟರಿನ ಪಡಸಾಲೆ ಏರಿಸಿದವಳು ರಾಣಿ ಕಾತ್ರೀನ್ ದ ಮೆದಿಸಿ. ಮೊದಲ ಯುದ್ಧದಲ್ಲಿ ಅದೇ ಪಡಸಾಲೆ ಆಸ್ಪತ್ರೆಯಾಯಿತು. ಎರಡನೆಯ ಯುದ್ಧದಲ್ಲಿ ಜರ್ಮನರು ಹಿಡಿದ ಸೀಮೆಗೂ ಉಳಿದ ಸೀಮೆಗೂ ಶೇರ್ ನದಿಯೇ ಗಡಿ. ಪಡಸಾಲೆಯ ಒಂದು ಬಾಗಿಲು ಇತ್ತ, ಇನ್ನೊಂದು ಅತ್ತ. ಜನ ಅದರೊಳಗಿಂದ ತಪ್ಪಿಸಿಕೊಂಡು ದಾಟಿದರು.

ಹೆಂಗಸರ ಅರಮನೆ ಎಂದೇ ಅದನ್ನು ಕರೆಯುತ್ತಾರೆ. ಅಂದು ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಕೇಳಿದರಂತೆ: ನಿಮ್ಮ ಊರಿನ ಕಡೆ ಆ ಕಾಲಕ್ಕೆ ಯಾರು ಆಳುತ್ತಿದ್ದರು? ಇವಳಿಗೆ ಹೆಸರು ಗೊತ್ತಿತ್ತು. 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದವಳು. ಕಾತ್ರೀನ್ ಪಡಸಾಲೆ ಕಟ್ಟಿಸುತ್ತಿದ್ದ ವರ್ಷಗಳಲ್ಲಿ ಇವಳು ಶರಾವತಿ ದಂಡೆಯಿಂದ ಯುರೋಪಿಗೆ ಮೆಣಸು ಕಳಿಸುತ್ತಿದ್ದಳು. ಆ ಮೇಜಿನ ಮೇಲಿದ್ದ ಕರಿಮೆಣಸಿನ ಡಬ್ಬಿಯನ್ನು ಎತ್ತಿ ತೋರಿಸಿ, ಇದ್ದಷ್ಟು ಫ್ರೆಂಚಿನಲ್ಲಿ ಹೇಳಿದಳು. ಅವಳ ಅರಮನೆ ನೋಡಿದ್ದೀಯಾ ಎಂಬುದು ಅಜ್ಜಿಯ ಮುಂದಿನ ಪ್ರಶ್ನೆ. ನೋಡಿರಲಿಲ್ಲ. ಹೊನ್ನಾವರದಿಂದ 30 ಕಿಲೋಮೀಟರ್ ಆಸುಪಾಸಿನಲ್ಲಿರುವ ಆ ರಾಣಿಯ ರಾಜಧಾನಿಯ ಜಾಗ, ನಗರಬಸ್ತಿಕೇರಿಗೆ ಅವಳನ್ನು ನಾವು ಯಾರೂ ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ.

ವಾಪಸು ಬಂದ ಎರಡನೇ ಭಾನುವಾರ ಎಲ್ಲರನ್ನೂ ಹೊರಡಿಸಿದವಳು ಅವಳೇ. ಕಾಡಿನೊಳಗೆ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಿನಿಂದ ಇಣುಕಿದರೂ ಒಳಗೆ ಒಬ್ಬ ಜಿನ ಕೂತಿದ್ದಾನೆ. ಕಲ್ಲು ತಣ್ಣಗಿತ್ತು. ನಾವು ಬುತ್ತಿ ಬಿಚ್ಚುವಷ್ಟರಲ್ಲಿ ಅವಳು ಫೋಟೊ ತೆಗೆದು ತೂರ್‌ಗೆ ಕಳಿಸಿದ್ದಳು, ಸಿಗ್ನಲ್ ಸಿಕ್ಕಿದ ಮೇಲೆ ಹೋಯಿತು. ರಾತ್ರಿ ಮನೆಗೆ ಬಂದಾಗ ಅಜ್ಜಿಯಿಂದ ಧ್ವನಿ ಸಂದೇಶ: ಆ ರಾಣಿಯ ಹೆಸರನ್ನು ಹೇಗೆ ಹೇಳಬೇಕು, ನಿಧಾನವಾಗಿ ಹೇಳು. ಇವಳು ಬಿಡಿಸಿ ಬಿಡಿಸಿ ಹೇಳಿ ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು. ‘ಶೆನ್ನ… ಭೈಗಾ… ದೇವಿ’, ಗಂಟಲಲ್ಲಿ ‘ರಾ’ ಉರುಳಿಸಿ, ಮೂರು ಸಲ.