ಮುಚ್ಚಿದ ಬಾಗಿಲಿನ ಮರ್ಯಾದೆ

ಬೆಂಗಳೂರಿನ ಜಯನಗರದಲ್ಲಿಯೋ ಬನಶಂಕರಿಯ ಅಡ್ಡರಸ್ತೆಗಳಲ್ಲಿಯೋ ಸಂಜೆ ಅಡ್ಡಾಡುವವರಿಗೆ, ದಂತವೈದ್ಯರ ಫಲಕದ ಮಗ್ಗುಲಲ್ಲಿಯೇ ಆಪ್ತಸಮಾಲೋಚಕರ ಫಲಕವೂ ಈಗ ಕಣ್ಣಿಗೆ ಬೀಳುತ್ತದೆ. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೆಂದು ಮೊದಲಾಗಿ, 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಎನಿಸಿದ ಸಂಸ್ಥೆಯ ನೆರೆಯಲ್ಲಿ ಇದು ಅಚ್ಚರಿಯಲ್ಲ. ಆದರೆ ಫಲಕವೇ ಅರ್ಹತೆಯಲ್ಲ; ಚಿಕಿತ್ಸಾ ಮನಶ್ಶಾಸ್ತ್ರಜ್ಞರೆನಿಸಿಕೊಳ್ಳಲು ಮಾನ್ಯ ವಿದ್ಯಾರ್ಹತೆಯೂ, 1992ರ ಕಾಯಿದೆಯನ್ವಯ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಬೇಕು. ಅದನ್ನು ಕೇಳುವುದು ಅವಿನಯವೆಂದು ನಮ್ಮವರು ಸಂಕೋಚಪಡುವುದು ನನಗೆ ಸೋಜಿಗ; ಹಾಲಿನವನನ್ನೂ ನಾವು ವಿಚಾರಿಸಿಯೇ ಗೊತ್ತುಮಾಡುತ್ತೇವಷ್ಟೆ.

ಅರ್ಹತೆಯಷ್ಟೇ ಮುಖ್ಯವಾದುದು ಗೋಪ್ಯತೆ. ಸೊಸೆಯೊಬ್ಬಳು ತಜ್ಞರ ಕೊಠಡಿಯಲ್ಲಿ ಕಣ್ಣೀರಿನೊಡನೆ ಆಡಿದ ಮಾತು, ಮರುದಿನ ಅತ್ತೆಯವರು ಎಷ್ಟೇ ಅಕ್ಕರೆಯಿಂದ ವಿಚಾರಿಸಿದರೂ, ಶುಲ್ಕ ತೆತ್ತವರು ತಾವೇ ಎಂದು ವಾದಿಸಿದರೂ, ಹೊರಬೀಳಕೂಡದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೆಯ ಪ್ರಕರಣ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಸಾರಿದೆ. ಆ ಹಕ್ಕಿಗೂ ಎಲ್ಲೆಯುಂಟು: ಜೀವಕ್ಕೆ ಅಪಾಯವಿರುವಾಗ, ಇತರರಿಗೆ ಹಾನಿ ತಟ್ಟುವಂತಿರುವಾಗ, ನ್ಯಾಯಾಲಯ ಆಜ್ಞಾಪಿಸಿದಾಗ, ಅವಶ್ಯವಾದಷ್ಟನ್ನು ತಿಳಿಸಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದುಬಂದರಂತೂ, 2012ರ ಪೋಕ್ಸೊ ಕಾಯಿದೆಯಂತೆ ಪೊಲೀಸರಿಗೆ ಅರುಹುವುದು ಕಡ್ಡಾಯ; ಮೌನವಾಗಿ ಉಳಿದವರಿಗೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಆದುದರಿಂದಲೇ ವಿವೇಕಿಗಳಾದ ತಜ್ಞರು ಈ ಎಲ್ಲೆಗಳನ್ನು ಮೊದಲನೆಯ ಭೇಟಿಯಲ್ಲಿಯೇ ವಿಶದಪಡಿಸಿ, ಅನಂತರ ಸಮ್ಮತಿ ಪಡೆಯುತ್ತಾರೆ.

ಕಾಯಿದೆಯ ಪುಸ್ತಕದಲ್ಲಿಲ್ಲದ ಸೂಕ್ಷ್ಮವೂ ಒಂದುಂಟು. ಜಯನಗರದ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಲ್ಲಿ, ಮನೆಯವರೊಡನೆ ಅವರೆಕಾಯಿ ಆರಿಸುತ್ತಿರುವ ರೋಗಿ ಎದುರಾದರೆ, ಆತ ತಾನಾಗಿಯೇ ನಕ್ಕು ಮಾತನಾಡಿಸುವವರೆಗೆ, ತಜ್ಞರು ಅಪರಿಚಿತರಂತೆ ಮುಂದಿನ ಅಂಗಡಿಗೆ ಸರಿಯುತ್ತಾರೆ.