ಶಾಲೆಯ ಮಧ್ಯಾಹ್ನದ ಊಟವೂ ನಮ್ಮ ಹೊಲದ ರಾಗಿಯೂ
ವೀರಾಪುರದ ದಾಸೋಹಿಯ ಜೀವನದಿಂದ ಗ್ರಾಮಸ್ಥರು ಕಲಿಯತಕ್ಕ ಪಾಠ

ಮಾಗಡಿ ಸೀಮೆಯ ಗುಡೇಮಾರನಹಳ್ಳಿಯ ಸುತ್ತಣ ಭೂಮಿಯು ಬಹುಮಟ್ಟಿಗೆ ಕೆಮ್ಮಣ್ಣಿನ ಖುಷ್ಕಿ ಭೂಮಿ. ಮಳೆಯನ್ನು ನಂಬಿ ರಾಗಿ, ಅವರೆ, ತೊಗರಿ, ಹುರುಳಿ, ಹುಚ್ಚೆಳ್ಳುಗಳನ್ನು ಬೆಳೆಯುವುದು ಇಲ್ಲಿಯ ರೈತರಿಗೆ ತಲೆತಲಾಂತರದಿಂದ ಬಂದಿರುವ ರೂಢಿ. ಮಾಗಡಿಯ ಅವರೆಕಾಯಿಯ ಸೊಗಡು ಬೆಂಗಳೂರಿನ ಪೇಟೆಯಲ್ಲಿಯೂ ಹೆಸರಾದದ್ದು. ಇಷ್ಟು ಸತ್ತ್ವವುಳ್ಳ ಧಾನ್ಯಗಳು ಬೆಳೆಯುವ ಸೀಮೆಯ ಮಗುವಿಗೆ ಶಾಲೆಯಲ್ಲಿ ಮಧ್ಯಾಹ್ನ ಬಡಿಸುವ ಎಲೆಯಲ್ಲಿ ಆ ಧಾನ್ಯಗಳ ಪಾಲೆಷ್ಟು? ಗ್ರಾಮದ ಮುಖಂಡರೂ ಭೂಮಾಲೀಕರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳುವುದು ಯುಕ್ತವಾಗಿರುತ್ತದೆ. ಇದಕ್ಕೆ ಉತ್ತರವನ್ನು ಹುಡುಕುವಾಗ ಇದೇ ಸೀಮೆಯಲ್ಲಿ ಹುಟ್ಟಿದ ಒಬ್ಬ ಮಹನೀಯರ ಜೀವನವನ್ನು ನೆನೆಯುವುದು ಪ್ರಯೋಜನಕರವೆಂದು ನಮಗೆ ತೋರುತ್ತದೆ.

ವೀರಾಪುರದಿಂದ ಸಿದ್ಧಗಂಗೆಗೆ

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹೊನ್ನೇಗೌಡರಿಗೂ ಗಂಗಮ್ಮನವರಿಗೂ ಹದಿಮೂರು ಮಕ್ಕಳಲ್ಲಿ ಕಡೆಯವರಾಗಿ ಶಿವಣ್ಣನವರು 1907ನೆಯ ಇಸವಿ ಏಪ್ರಿಲ್ 1ರಂದು ಜನಿಸಿದರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಈ ಹುಡುಗನು ಹುಟ್ಟೂರನ್ನು ಬಿಟ್ಟು ತುಮಕೂರು ಸೀಮೆಯ ನಾಗವಲ್ಲಿಯಲ್ಲಿಯೂ ಬಳಿಕ ತುಮಕೂರಿನಲ್ಲಿಯೂ ಓದಬೇಕಾಯಿತು. ವಿದ್ಯೆಗಾಗಿ ಪರಸ್ಥಳದಲ್ಲಿ ನಿಲ್ಲುವ ಹಳ್ಳಿಯ ಹುಡುಗನಿಗೆ ಪುಸ್ತಕಕ್ಕಿಂತ ಮೊದಲು ಬೇಕಾಗುವುದು ಎರಡು ಹೊತ್ತಿನ ಅನ್ನವೆಂಬುದು ಅನುಭವಿಗಳೆಲ್ಲರಿಗೂ ತಿಳಿದ ಸಂಗತಿ. ಶಿವಣ್ಣನವರು ಸ್ವಲ್ಪ ಕಾಲ ಸಿದ್ಧಗಂಗಾ ಮಠದಲ್ಲಿಯೇ ವಿದ್ಯಾರ್ಥಿಯಾಗಿ ಇದ್ದರು. ಮುಂದೆ ಸಾವಿರಾರು ಮಕ್ಕಳಿಗೆ ಬಡಿಸಿದ ಕೈಯು ಒಂದು ಕಾಲದಲ್ಲಿ ಅದೇ ಮಠದ ಪಂಕ್ತಿಯಲ್ಲಿ ಕುಳಿತು ಉಂಡ ಕೈಯಾಗಿತ್ತೆಂಬುದನ್ನು ವಾಚಕರು ಗಮನಿಸಬೇಕು.

ಮುಂದೆ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿ ಭೌತಶಾಸ್ತ್ರ, ಗಣಿತಶಾಸ್ತ್ರಗಳನ್ನು ಓದುತ್ತಿದ್ದರು. 1930ರ ಜನವರಿಯಲ್ಲಿ ಮಠದ ಉತ್ತರಾಧಿಕಾರಿಗಳೂ ಶಿವಣ್ಣನವರ ಸ್ನೇಹಿತರೂ ಆಗಿದ್ದ ಮರುಳಾರಾಧ್ಯರು ತೀರಿಕೊಂಡರು. ಆಗ ಮಠಾಧ್ಯಕ್ಷರಾಗಿದ್ದ ಉದ್ಧಾನ ಶಿವಯೋಗಿಗಳ ದೃಷ್ಟಿಯು ಈ ಯುವಕನ ಮೇಲೆ ಬಿತ್ತು. ಅದೇ ವರ್ಷ ಮಾರ್ಚಿ 3ರಂದು ಶಿವಣ್ಣನವರು ವಿರಕ್ತಾಶ್ರಮವನ್ನು ಸ್ವೀಕರಿಸಿ ಶಿವಕುಮಾರ ಸ್ವಾಮಿಗಳಾದರು. ಕಾಲೇಜಿನ ಪದವಿಯು ಕೈಬಿಟ್ಟಿತು. ಉದ್ಧಾನ ಶಿವಯೋಗಿಗಳು ಶಿವೈಕ್ಯರಾದ ಮೇಲೆ 1941ರ ಜನವರಿ 11ರಂದು ಮಠದ ಸಂಪೂರ್ಣ ಭಾರವು ಇವರ ಹೆಗಲಿಗೆ ಬಂದಿತು.

ಆ ಕಾಲವು ಮಹಾಯುದ್ಧದ ಕಾಲ. ಆಹಾರಧಾನ್ಯಗಳಿಗೆ ಎಲ್ಲೆಲ್ಲಿಯೂ ಅಭಾವವಿದ್ದಿತು. ಮಠದಲ್ಲಿ ಓದುವ ಮಕ್ಕಳಿಗೆ ಅನ್ನವನ್ನು ಒದಗಿಸುವುದು ಸುಲಭವಾಗಿರಲಿಲ್ಲ. ಸ್ವಾಮಿಗಳು ಹಳ್ಳಿಹಳ್ಳಿಗೂ ಸಂಚರಿಸಿ ಒಕ್ಕಲುಗಳ ಕಣದಿಂದಲೇ ರಾಗಿ, ಕಾಳುಗಳನ್ನು ಕೂಡಿಹಾಕಿದರು. ಸುಗ್ಗಿಯಲ್ಲಿ ಕಣದ ರಾಶಿಯಿಂದ ಒಂದು ಪಾಲನ್ನು ಮಕ್ಕಳಿಗಾಗಿ ತೆಗೆದಿಡುವ ಸಂಪ್ರದಾಯವನ್ನು ರೈತರು ಉಳಿಸಿಕೊಟ್ಟರು. ಮಠದ ದಾಸೋಹದ ಒಲೆಯು ಎಂದಿಗೂ ಆರಿಲ್ಲವೆಂದು ಭಕ್ತರು ಹೇಳುತ್ತಾರೆ. ಆ ಒಲೆಯ ಮೇಲಿನ ಹಂಡೆಗಳನ್ನು ತುಂಬಿಸಿದ್ದು ಬಹುಪಾಲು ಖುಷ್ಕಿ ಹೊಲಗಳ ಬೆಳೆಯೇ ಎಂಬುದನ್ನು ನಾವು ಮರೆಯಲಾಗದು.

ಕಾಲಕ್ರಮದಲ್ಲಿ ಅಲ್ಲಿ ಇದ್ದು ಓದುವ ಮಕ್ಕಳ ಸಂಖ್ಯೆಯು ಹತ್ತು ಸಾವಿರವನ್ನು ಮುಟ್ಟಿತು. ಜಾತಿಮತಗಳ ಭೇದವಿಲ್ಲದೆ ಎಲ್ಲರಿಗೂ ಅನ್ನ, ವಿದ್ಯೆ, ವಸತಿಗಳು ಉಚಿತ. ಇದನ್ನೇ ತ್ರಿವಿಧ ದಾಸೋಹವೆಂದು ಕರೆಯುತ್ತಾರೆ. ಈ ಮೂರರಲ್ಲಿ ಅನ್ನವು ಮೊದಲನೆಯದು. ಮುದ್ದೆ, ಅನ್ನ, ಸಾರುಗಳು ಅಲ್ಲಿಯ ಮಕ್ಕಳ ಸಾಮಾನ್ಯ ಊಟ. ಸ್ವಾಮಿಗಳು ಆಹಾರಶಾಸ್ತ್ರದ ಮೇಲೆ ಗ್ರಂಥವನ್ನು ಬರೆಯಲಿಲ್ಲ. ಮಕ್ಕಳ ಪಂಕ್ತಿಯೇ ಅವರ ಪ್ರಚಾರವಾಗಿತ್ತು. ಜಾತ್ರೆಯ ಕಾಲದಲ್ಲಿ ವ್ಯವಸಾಯದ ವಸ್ತುಪ್ರದರ್ಶನವನ್ನೂ ಏರ್ಪಡಿಸಿ, ಅನ್ನಕ್ಕೂ ಹೊಲಕ್ಕೂ ಇರುವ ಸಂಬಂಧವನ್ನು ರೈತರ ಕಣ್ಣ ಮುಂದೆ ಇಟ್ಟರು. ಕರ್ಣಾಟಕ ರತ್ನ (2007), ಪದ್ಮಭೂಷಣ (2015) ಪ್ರಶಸ್ತಿಗಳು ಅವರನ್ನು ಅರಸಿ ಬಂದವು.

2019ರ ಜನವರಿ 21ರಂದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಸ್ವಾಮಿಗಳು ಲಿಂಗೈಕ್ಯರಾದರು. ಮಕ್ಕಳ ಊಟವು ಮುಗಿಯುವವರೆಗೆ ತಮ್ಮ ಮರಣವಾರ್ತೆಯನ್ನು ಪ್ರಕಟಿಸಕೂಡದೆಂದು ಅವರು ಮೊದಲೇ ತಿಳಿಸಿದ್ದರೆಂದೂ, ಅದರಂತೆಯೇ ನಡೆಯಿತೆಂದೂ ಮಠದವರು ಹೇಳಿದರು. ಆ ದಿನವನ್ನು ರಾಜ್ಯ ಸರ್ಕಾರವು ದಾಸೋಹ ದಿನವೆಂದು ಘೋಷಿಸಿದೆ.

ಸರ್ಕಾರದ ಊಟವೂ ಅದರಲ್ಲಿರುವ ಕೊರತೆಯೂ

ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಉಣಬಡಿಸುವ ಕ್ರಮವು ಈಗ ದೇಶದಲ್ಲೆಲ್ಲಾ ನೆಲೆಗೊಂಡಿದೆ. ನೆರೆಯ ಮದರಾಸು ಸಂಸ್ಥಾನದಲ್ಲಿ ಕಾಮರಾಜರು 1956ರಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರಾರಂಭಿಸಿದರು. ಭಾರತ ಸರ್ಕಾರದ ಯೋಜನೆಯು 1995ರ ಆಗಸ್ಟ್ 15ರಂದು ಮೊದಲಾಯಿತು. ಆದರೆ ಬಹುಕಡೆಗಳಲ್ಲಿ ಮಕ್ಕಳ ಕೈಗೆ ಬರಿಯ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ್ 28ರಂದು ಆಜ್ಞಾಪಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಆರಂಭವಾದ ಯೋಜನೆಗೆ ‘ಅಕ್ಷರ ದಾಸೋಹ’ವೆಂಬ ಹೆಸರೇ ಬಂದಿತು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯದ ಹಾಲು ಸೇರಿತು. ಬಳಿಕ ಮೊಟ್ಟೆಯೂ, ಅದನ್ನು ತಿನ್ನದವರಿಗೆ ಬಾಳೆಯಹಣ್ಣೂ ಬಂದವು. 2024ರ ಫೆಬ್ರವರಿಯಿಂದ ಹಾಲಿನೊಡನೆ ರಾಗಿಯ ಹುರಿಹಿಟ್ಟನ್ನು ಬೆರೆಸಿ ಕೊಡುವ ಏರ್ಪಾಡೂ ಆಯಿತು.

ಕೆಳ ಪ್ರಾಥಮಿಕ ತರಗತಿಯ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿಯೆಂದು ನಿಬಂಧನೆಯಿದೆ. ಮೇಲಿನ ತರಗತಿಗಳಿಗೆ ಇದು ಕ್ರಮವಾಗಿ 150, 30 ಮತ್ತು 75 ಗ್ರಾಂ. ಅಳತೆಯಲ್ಲಿ ಲೋಪವಿಲ್ಲ. ಆದರೆ ಧಾನ್ಯವೆಂದರೆ ಬಹುಪಾಲು ಅಕ್ಕಿಯೇ ಆಗಿರುವುದು ವಿಚಾರಾರ್ಹವಾದ ವಿಷಯ. ಹೊಟ್ಟೆ ತುಂಬುವುದು ಒಂದು, ಮೂಳೆ ಮಾಂಸಗಳು ಬಲಿಯುವುದು ಇನ್ನೊಂದು.

ನಮ್ಮ ಧಾನ್ಯಗಳ ಸತ್ತ್ವ

ಮೂಳೆಗೂ ಹಲ್ಲಿಗೂ ಬೇಕಾದ ಸುಣ್ಣದ ಅಂಶವು 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂಗಳಷ್ಟಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10 ಮಿಲಿಗ್ರಾಂನ ಆಸುಪಾಸಿನಲ್ಲಿದೆ. ಏಳರಿಂದ ಒಂಬತ್ತು ವಯಸ್ಸಿನ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಬೇಕೆಂದು ಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. 60 ಗ್ರಾಂ ಹಿಟ್ಟಿನ ಒಂದು ಸಣ್ಣ ಮುದ್ದೆಯಲ್ಲಿಯೇ ಅದರ ಮೂರನೆಯ ಒಂದು ಪಾಲಿನಷ್ಟು ಇರುತ್ತದೆ. ಇದೆಲ್ಲವೂ ಮೈಗೆ ಹತ್ತುವುದಿಲ್ಲವೆಂಬುದು ನಿಜ. ಏಕೆಂದರೆ ಕಾಳಿನ ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ಸುಣ್ಣ, ಕಬ್ಬಿಣಗಳ ಅಂಶಗಳನ್ನು ಹಿಡಿದುಕೊಳ್ಳುತ್ತವೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿ ಹಿಟ್ಟು ಮಾಡಿದರೆ ಈ ದೋಷವು ಬಹಳ ಕಡಿಮೆಯಾಗುತ್ತದೆ. ನಮ್ಮ ತಾಯಂದಿರು ಎಳೆಯ ಕೂಸುಗಳಿಗೆ ಮೊಳಕೆಯ ರಾಗಿಯ ಸರಿಯನ್ನು ಕೊಡುತ್ತಿದ್ದುದು ಅನುಭವದಿಂದ ಬಂದ ಜ್ಞಾನವೇ ಸರಿ.

ರಾಗಿಯೊಂದರಿಂದಲೇ ಊಟವು ಪೂರ್ಣವಾಗದು. ಅದರಲ್ಲಿ ಪ್ರೋಟೀನು ನೂರಕ್ಕೆ ಏಳರಷ್ಟು ಮಾತ್ರ. ಒಣ ಅವರೆಯಲ್ಲಿ ನೂರಕ್ಕೆ ಇಪ್ಪತ್ತನಾಲ್ಕರಷ್ಟೂ, ಹುರುಳಿಯಲ್ಲಿ ಇಪ್ಪತ್ತೆರಡರಷ್ಟೂ ಉಂಟು. ಧಾನ್ಯದಲ್ಲಿ ಕೊರತೆಯಾದ ಅಂಶವನ್ನು ಕಾಳು ತುಂಬುತ್ತದೆ, ಕಾಳಿನ ಕೊರತೆಯನ್ನು ಧಾನ್ಯವು ತುಂಬುತ್ತದೆ. ಮುದ್ದೆಗೆ ಹುರುಳಿಯ ಸಾರು, ರೊಟ್ಟಿಗೆ ಅವರೆಯ ಹುಳಿ ಎಂಬ ಹಿರಿಯರ ಜೋಡಣೆಯು ಶಾಸ್ತ್ರಕ್ಕೂ ಸಮ್ಮತವಾದದ್ದು. ಇದಕ್ಕೆ ನುಗ್ಗೆಯ ಸೊಪ್ಪು ಕೂಡಿದರೆ ಇನ್ನೂ ಶ್ರೇಷ್ಠ. ನಿಂಬೆ ಅಥವಾ ನೆಲ್ಲಿಯ ಹುಳಿ ಜೊತೆಗಿದ್ದರೆ ಕಬ್ಬಿಣದ ಅಂಶವು ಮೈಗೆ ಚೆನ್ನಾಗಿ ಹತ್ತುತ್ತದೆ. ಅವರೆ, ಹುರುಳಿಗಳನ್ನು ರಾತ್ರಿ ನೆನೆಸಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸತಕ್ಕದ್ದು.

ಭೂಮಾಲೀಕರು ಮಾಡಬಹುದಾದ ಕಾರ್ಯ

ಲೆಕ್ಕವನ್ನು ನೋಡೋಣ. ನೂರು ಮಕ್ಕಳಿರುವ ಶಾಲೆಯಲ್ಲಿ ವಾರಕ್ಕೆ ಒಂದು ದಿನ ಮಗುವಿಗೆ 60 ಗ್ರಾಂನಂತೆ ರಾಗಿಯ ಊಟವಾಗಬೇಕಾದರೆ ಆ ದಿನಕ್ಕೆ 6 ಕಿಲೋ ಹಿಟ್ಟು ಸಾಕು. ವರ್ಷದಲ್ಲಿ ನಲವತ್ತು ವಾರಗಳೆಂದರೂ 240 ಕಿಲೋ, ಎಂದರೆ ಎರಡೂವರೆ ಕ್ವಿಂಟಾಲಿಗೆ ಒಳಗೇ ಆಯಿತು. ಸಾಧಾರಣ ಮಳೆಯ ವರ್ಷದಲ್ಲಿ ಸರಿಯಾಗಿ ಸಾಗುವಳಿ ಮಾಡಿದ ಖುಷ್ಕಿಯ ಒಂದು ಎಕರೆಯ ಕಾಲುಭಾಗವು ಇದನ್ನು ಕೊಡಬಲ್ಲುದು. ಊರಿನ ಹತ್ತು ಮನೆಯವರು ಕೂಡಿದರೆ ಒಬ್ಬೊಬ್ಬರ ಪಾಲಿಗೆ 24 ಕಿಲೋ ಮಾತ್ರ ಬೀಳುತ್ತದೆ. ಗ್ರಾಮದ ಮುಖಂಡರು ಈ ಕೆಳಗಿನ ಕ್ರಮಗಳನ್ನು ಆಲೋಚಿಸಬಹುದು.

1. ಸುಗ್ಗಿಯ ಕಣದಲ್ಲಿಯೇ ಶಾಲೆಯ ಪಾಲನ್ನು ಅಳೆದು ತೆಗೆದಿಡುವುದು. ಸಮುದಾಯದವರು ಶಾಲೆಯ ಊಟಕ್ಕೆ ಪದಾರ್ಥಗಳನ್ನು ಕೂಡಿಸಲು ‘ತಿಥಿ ಭೋಜನ’ವೆಂಬ ಕ್ರಮದಲ್ಲಿ ಅವಕಾಶವಿದೆ. ಮುಖ್ಯೋಪಾಧ್ಯಾಯರ ಸಮ್ಮತಿಯನ್ನು ಪಡೆದೇ ನಡೆಯತಕ್ಕದ್ದು.

2. ರಾಗಿಯ ನಡುವೆ ಅಕ್ಕಡಿ ಸಾಲನ್ನು ಬಿಡದಿರುವುದು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿಯನ್ನು ಹಾಕಿದರೆ ಮಳೆ ಕೈಕೊಟ್ಟ ವರ್ಷದಲ್ಲಿಯೂ ಕಾಳು ಮನೆಗೆ ಬರುತ್ತದೆ. ಬೆಂಕಿರೋಗವನ್ನು ತಡೆಯುವ ಜಿಪಿಯು 28 ಮೊದಲಾದ ತಳಿಗಳನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

3. ಶಾಲೆಗೆಂದು ಕೊಡುವ ಧಾನ್ಯವು ಮನೆಯ ಬಳಕೆಯದಕ್ಕಿಂತ ಕೀಳಾಗಿರಕೂಡದು. ಕಲ್ಲು, ಮಣ್ಣು, ಬೂಷ್ಟುಗಳಿಲ್ಲದೆ ಚೆನ್ನಾಗಿ ಒಣಗಿಸಿದ್ದಾಗಿರಬೇಕು. ರಾಗಿಯು ವರ್ಷಗಟ್ಟಲೆ ಕೆಡದು. ಅವರೆಗೆ ಹುಳುವಿನ ಬಾಧೆ ಹೆಚ್ಚಾದ್ದರಿಂದ ಅದನ್ನು ಬಿಸಿಲಿಗೆ ಹಾಕಿ ಆರಿಸಿ ಗಾಳಿಯಾಡದಂತೆ ಮುಚ್ಚಿಡುವುದು ಅವಶ್ಯ.

4. ಶಾಲೆಯ ಆವರಣದಲ್ಲಿ ಎರಡು ನುಗ್ಗೆಯ ಕೊಂಬೆ, ಒಂದು ನಿಂಬೆ, ಒಂದು ಕರಿಬೇವನ್ನು ನೆಟ್ಟು, ಕೈತೊಳೆದ ನೀರನ್ನು ಅವುಗಳಿಗೆ ತಿರುಗಿಸುವುದು.

5. ಅಡುಗೆಯವರ ಶ್ರಮವನ್ನು ಲಕ್ಷ್ಯದಲ್ಲಿಡುವುದು. ನೂರು ಮಕ್ಕಳಿಗೆ ಮುದ್ದೆ ತೊಳಸುವುದು ರಟ್ಟೆ ಮುರಿಯುವ ಕೆಲಸ. ಆ ದಿನ ಊರಿನಿಂದ ಇಬ್ಬರು ಕೈಗೂಡಿಸಬೇಕು. ಅದು ಆಗದಲ್ಲಿ ಅಂಬಲಿಯನ್ನೋ ರೊಟ್ಟಿಯನ್ನೋ ಮಾಡಿಸಬಹುದು. ಅನ್ನಕ್ಕೆ ಒಗ್ಗಿಹೋದ ಮಕ್ಕಳಿಗೆ ಮೊದಲಲ್ಲಿ ಸಣ್ಣ ಮುದ್ದೆಯನ್ನೇ ಬಡಿಸಿ ರೂಢಿ ಮಾಡಿಸುವುದು ಜಾಣತನ.

ಈ ಕಾರ್ಯಕ್ಕೆ ದೊಡ್ಡ ಅಡ್ಡಿಯೆಂದರೆ ನಮ್ಮ ಮನಸ್ಸಿನಲ್ಲಿರುವ ತಾತ್ಸಾರ. ರಾಗಿಯು ಬಡವರ ಊಟ, ಅಕ್ಕಿಯು ಸ್ಥಿತಿವಂತರ ಊಟವೆಂಬ ಭಾವನೆಯು ಬಹುಕಾಲದಿಂದ ಬೇರೂರಿದೆ. ತಾವು ಬೆಳೆದ ರಾಗಿಯನ್ನು ಮಾರಿ, ಬೆಳ್ಳಗೆ ಪಾಲಿಷ್ ಮಾಡಿದ ಅಕ್ಕಿಯನ್ನು ಕೊಂಡು ತರುವ ಮನೆಗಳು ಎಷ್ಟೋ ಇವೆ. ಬೆಂಗಳೂರು ಸಮೀಪಿಸಿದಂತೆಲ್ಲಾ ಈ ಸೀಮೆಯ ಹೊಲಗಳು ನಿವೇಶನಗಳಾಗುತ್ತಿರುವುದೂ ಕಣ್ಣಿಗೆ ಕಾಣುವ ಸಂಗತಿ. ಹೊಲದಲ್ಲಿ ರಾಗಿಯಿಲ್ಲದಾದರೆ ಮಗುವಿನ ಎಲೆಯಲ್ಲಿ ಅದನ್ನು ಹುಡುಕುವುದೆಲ್ಲಿ?

ಹತ್ತು ಸಾವಿರ ಮಕ್ಕಳ ಭಾರವನ್ನು ಹೊರಲು ಎಲ್ಲರಿಗೂ ಸಾಧ್ಯವಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ವೀರಾಪುರದ ತಾಯಿಯಿಲ್ಲದ ಹುಡುಗನಿಗೆ ಪರಸ್ಥಳದಲ್ಲಿ ಒಂದು ಪಂಕ್ತಿ ಸಿಕ್ಕಿತು. ಆತನು ಅದನ್ನು ಎಂಬತ್ತು ವರ್ಷಗಳ ಕಾಲ ಇತರ ಮಕ್ಕಳಿಗೆ ತಿರುಗಿಸಿ ಕೊಟ್ಟನು. ಗುಡೇಮಾರನಹಳ್ಳಿಯಂತಹ ಊರಿನ ಭೂಮಾಲೀಕರಿಗೆ ಉಳಿದಿರುವುದು ಎಕರೆಯ ಕಾಲುಭಾಗದ ಕೆಲಸ ಮಾತ್ರ. ಬರುವ ಸುಗ್ಗಿಯಲ್ಲಿ ರಾಶಿಪೂಜೆಯಾದ ಕೂಡಲೇ, ಮನೆಗೆ ಚೀಲ ಹೊರಿಸುವುದಕ್ಕೆ ಮುಂಚೆ, ಶಾಲೆಯ ಮಕ್ಕಳಿಗೆಂದು ಮೊದಲ ಮೊರವನ್ನು ಬೇರೆಯಾಗಿ ತೆಗೆದಿಡಬೇಕೆಂದು ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ.