ಹಲವು ದತ್ತಸಂಚಯಗಳಿಗೆ ಒಂದೇ ಪ್ರಶ್ನೆ

ಗಣಕಯಂತ್ರವು ಬೇಕೆಂದಾಗ ಹುಡುಕಿ ತೆಗೆಯಬಲ್ಲಂತೆ ಅಳವಡಿಸಿಟ್ಟ ಮಾಹಿತಿಯ ಭಂಡಾರಕ್ಕೆ ದತ್ತಸಂಚಯವೆಂದು ಹೆಸರು. 1970ರಲ್ಲಿ ಎಡ್ಗರ್ ಕಾಡ್ ಪ್ರತಿಪಾದಿಸಿದ ಸಂಬಂಧಾತ್ಮಕ ಕ್ರಮದಂತೆ ಈ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವುದು ಬಹುಮಟ್ಟಿಗೆ ರೂಢಿಯಾಗಿದೆ. ಒಂದೇ ಸಂಚಯದೊಳಗಿನ ಎರಡು ಕೋಷ್ಟಕಗಳನ್ನು ಹೊಂದಿಸಿ ಓದುವುದು ಸುಲಭಸಾಧ್ಯ. ಆದರೆ ಓಲೆಪ್ರತಿಗಳ ಸೂಚಿ ಒಂದರಲ್ಲಿಯೂ ಗ್ರಂಥಕರ್ತರ ಕಾಲ, ಕೃತಿಗಳ ವಿವರ ಬೇರೊಂದರಲ್ಲಿಯೂ ಇದ್ದು, ಒಂದೇ ತಂತ್ರಾಂಶವು ಎರಡನ್ನೂ ಒಟ್ಟಿಗೆ ಪ್ರಶ್ನಿಸಬೇಕಾದಾಗ ತೊಡಕು ತಲೆದೋರುತ್ತದೆ.

ಇದಕ್ಕೆ ಉಪಾಯಗಳು ವ್ಯವಸ್ಥೆಯಿಂದ ವ್ಯವಸ್ಥೆಗೆ ಬೇರೆ. ಎಸ್‌ಕ್ಯೂಎಲೈಟ್‌ನಲ್ಲಿ ಒಂದು ಸಂಚಯವೆಂದರೆ ಒಂದು ಕಡತ. ಮೊದಲನೆಯದನ್ನು ತೆರೆದು, ‘ಅಟ್ಯಾಚ್’ ಎಂಬ ಆಜ್ಞೆಯಿಂದ ಎರಡನೆಯದಕ್ಕೆ ಒಂದು ಹೆಸರು ಕೊಟ್ಟು ಜೋಡಿಸಿದರೆ, ಆ ಹೆಸರನ್ನು ಕೋಷ್ಟಕದ ಹಿಂದೆ ಪೂರ್ವಪದವಾಗಿರಿಸಿ ಎರಡನ್ನೂ ಒಂದೇ ವಾಕ್ಯದಲ್ಲಿ ಪ್ರಶ್ನಿಸಬಹುದು. ಹೀಗೆ ಜೋಡಿಸಬಹುದಾದ ಕಡತಗಳು ಸಾಮಾನ್ಯವಾಗಿ 10. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಂಪರ್ಕವು ಒಂದೇ ಸಂಚಯಕ್ಕೆ ಬದ್ಧವಾದುದು. ಆದರೂ ಹೊರಗಿನ ಪೋಸ್ಟ್‌ಗ್ರೆಸ್ ಸಂಚಯದ ಕೋಷ್ಟಕವನ್ನು ಒಳಗಿನದೆಂಬಂತೆ ತೋರಿಸುವ ಸಾಧನವೊಂದು 2013ರ 9.3ನೆಯ ಆವೃತ್ತಿಯಿಂದ ಅದರೊಡನೆಯೇ ಬರುತ್ತಿದೆ. ಇಂತಹ ಅನುಕೂಲವಿಲ್ಲದಲ್ಲಿ ತಂತ್ರಾಂಶವೇ ಎರಡು ಸಂಪರ್ಕಗಳನ್ನು ತೆರೆದು, ಬಂದ ಉತ್ತರಗಳನ್ನು ತನ್ನೊಳಗೆ ಹೊಂದಿಸಿಕೊಳ್ಳಬೇಕು. ಸೂಚಿ ಚಿಕ್ಕದಾಗಿದ್ದರೆ ಇದರಲ್ಲಿ ದೋಷವೇನೂ ಇಲ್ಲ.

ಇಷ್ಟು ಯಂತ್ರದ ಮಾತು. ನಿಜವಾದ ಕಷ್ಟವಿರುವುದು ಜೋಡಣೆಯ ಕೀಲಿಯಲ್ಲಿ. ಬೇರೆ ಬೇರೆ ಕೈಗಳಲ್ಲಿ ಸಿದ್ಧವಾದ ಸಂಚಯಗಳಿಗೆ ಸಮಾನವಾದ ಕ್ರಮಾಂಕವಿರುವುದು ಅಪರೂಪ. ಒಂದರ 47 ಮತ್ತೊಂದರ 47 ಅಲ್ಲ. ಆದುದರಿಂದ ಹೆಸರನ್ನೇ ಆಶ್ರಯಿಸಬೇಕಾಗುತ್ತದೆ. ಮಲ್ಲಿನಾಥಪುರಾಣದ ಕರ್ತೃವು ಒಂದು ಕಡೆ ನಾಗಚಂದ್ರನೆಂದೂ ಇನ್ನೊಂದು ಕಡೆ ಅಭಿನವಪಂಪನೆಂದೂ ನಮೂದಾಗಿದ್ದರೆ ಯಂತ್ರಕ್ಕೆ ಅವರು ಇಬ್ಬರು. ಸರಿಪಡಿಸಲೆಂದು ‘ಪಂಪ’ ಎಂಬ ಭಾಗವನ್ನು ಮಾತ್ರ ಹುಡುಕಿದರೆ ಆದಿಪುರಾಣದ ಕವಿಯೂ ಇವನೂ ಒಂದೇ ಸಾಲಿನಲ್ಲಿ ಬಂದು ನಿಲ್ಲುವರು.

ಪೊನ್ನನ ಸಂಗತಿ ಇನ್ನೂ ಸೂಕ್ಷ್ಮವಾದುದು. ಯೂನಿಕೋಡ್ ಸಂಕೇತಕ್ರಮದಲ್ಲಿ ‘ಪೊ’ ಎಂಬುದನ್ನು ಪಕಾರಕ್ಕೆ ಒಕಾರದ ಒಂದೇ ಚಿಹ್ನೆಯನ್ನು ಸೇರಿಸಿ ಬರೆಯಬಹುದು. ಎಕಾರದ ಚಿಹ್ನೆ, ಅದರ ಮುಂದೆ ಊಕಾರದ ಚಿಹ್ನೆ, ಹೀಗೆ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎಸ್‌ಕ್ಯೂಎಲೈಟ್ ಬೇರೆ ಸೂಚನೆಯಿಲ್ಲದಾಗ ಬೈಟುಗಳನ್ನಷ್ಟೇ ಹೋಲಿಸುವುದರಿಂದ ಅದಕ್ಕೆ ಇವು ಎರಡು ಬೇರೆ ಹೆಸರುಗಳು. ಸಾಮಾನ್ಯ ಜೋಡಣೆಯಲ್ಲಿ ಹೊಂದದ ಸಾಲು ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ದೋಷಸೂಚನೆ ಬರುವುದಿಲ್ಲ. ಭಂಡಾರದಲ್ಲಿ ಶಾಂತಿಪುರಾಣದ ಪ್ರತಿಯಿದ್ದೂ ಸಂಶೋಧಕನು ಇಲ್ಲವೆಂದೇ ತಿಳಿದು ಹಿಂದಿರುಗುವನು. ಲಿಪಿಕಾರನ ಸ್ಖಾಲಿತ್ಯವಾದರೂ ಓಲೆಯ ಮೇಲೆ ಕಾಣಿಸುತ್ತದೆ, ಇದು ಕಾಣಿಸದು.

ಆದುದರಿಂದ ಜೋಡಿಸುವ ಮೊದಲು ಎರಡೂ ಸಂಚಯಗಳ ಹೆಸರುಗಳನ್ನು ಯೂನಿಕೋಡ್ ವಿಧಿಸಿದ ಸಾಮಾನ್ಯೀಕೃತ ರೂಪಕ್ಕೆ ತರಬೇಕು. ನಾಮಾಂತರಗಳಿಗೆ ಪ್ರತ್ಯೇಕ ಕೋಷ್ಟಕವೊಂದನ್ನು ಇರಿಸಬೇಕು. ಆ ಮೇಲೆಯೂ ಮೊದಲ ಬಾರಿಗೆ ‘ಲೆಫ್ಟ್ ಜಾಯಿನ್’ ಎಂಬ ಜೋಡಣೆಯನ್ನೇ ಬಳಸುವುದು ಲೇಸು. ಅದರಲ್ಲಿ ಸೂಚಿಯ ಸಾಲುಗಳೆಲ್ಲವೂ ಉಳಿದು, ಕರ್ತೃವಿನ ವಿವರ ದೊರೆಯದ ಕಡೆ ಸ್ಥಳ ಬರಿದಾಗಿ ತೋರುತ್ತದೆ. ಆ ಬರಿದಾದ ಸಾಲುಗಳನ್ನು ಒಂದೊಂದಾಗಿ ಮೂಲಪ್ರತಿಯೊಡನೆ ತಾಳೆನೋಡಬೇಕು.